ಕೊಳವೆಯಿಂದ ಜೋಡಿಸಿದ ಅನಿಲ ಪಾತ್ರೆಗಳು: ಆದರ್ಶ ಅನಿಲ ಸಮೀಕರಣ ಹಚ್ಚುವ ಕ್ರಮ

ಎರಡು ಪಾತ್ರೆ, ನಡುವೆ ಒಂದು ಕೊಳವೆ, ಕೊಳವೆಯಲ್ಲಿ ಒಂದು ಕವಾಟ. ಪಿಯುಸಿ ಪಠ್ಯದಿಂದ ಹಿಡಿದು ಸಿಇಟಿ, ಜೆಇಇ ಪ್ರಶ್ನೆಪತ್ರಿಕೆಗಳವರೆಗೆ ಈ ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ಸಿಲಿಂಡರ್ ತುಂಬುವ ಘಟಕದಲ್ಲಿ, ನಿರ್ವಾತ ಪಂಪಿನಲ್ಲಿ, ಧಾನ್ಯದ ಸಾಂದ್ರತೆ ಅಳೆಯುವ ಪ್ರಯೋಗಾಲಯದಲ್ಲಿ ಇರುವುದೂ ಇದೇ ಚಿತ್ರ. ಪಿವಿ = ಎನ್‌ಆರ್‌ಟಿ ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠ: ಪಿ ಒತ್ತಡ, ವಿ ಗಾತ್ರ, ಎನ್ ಮೋಲ್ ಸಂಖ್ಯೆ (ಅನಿಲದ ಪ್ರಮಾಣ), ಆರ್ ಅನಿಲ ಸ್ಥಿರಾಂಕ, ಟಿ ತಾಪಮಾನ. ಆದರೂ ಉತ್ತರ ತಪ್ಪುತ್ತದೆ, ಏಕೆಂದರೆ ಸೂತ್ರವನ್ನು ಯಾವ ಅನಿಲಕ್ಕೆ, ಯಾವ ಗಾತ್ರಕ್ಕೆ, ಯಾವ ಕ್ಷಣದಲ್ಲಿ ಹಚ್ಚುತ್ತಿದ್ದೇವೆ ಎಂಬುದನ್ನು ಯಾರೂ ಮೊದಲು ತೀರ್ಮಾನಿಸಿಕೊಳ್ಳುವುದಿಲ್ಲ.

ಒಂದೇ ಪಾತ್ರೆಯಿದ್ದಾಗ ಒತ್ತಡ, ಗಾತ್ರ, ಮೋಲ್ ಸಂಖ್ಯೆ, ತಾಪಮಾನ ಎಲ್ಲಕ್ಕೂ ಒಂದೊಂದೇ ಬೆಲೆ. ಎರಡನ್ನು ಜೋಡಿಸಿದ ಕೂಡಲೇ ಪರಿಸ್ಥಿತಿ ಬದಲಾಗುತ್ತದೆ. ಒತ್ತಡ ಎರಡರಲ್ಲೂ ಸಮನಾಗಿದ್ದು ತಾಪಮಾನ ಬೇರೆ ಬೇರೆ ಇರಬಹುದು. ಒಂದರ ಅನಿಲ ಇನ್ನೊಂದಕ್ಕೆ ಹರಿದಿರಬಹುದು. ಆದ್ದರಿಂದ ಸಮೀಕರಣವನ್ನು ಪ್ರತಿ ಪಾತ್ರೆಗೂ ಬೇರೆಯಾಗಿ ಬರೆಯಬೇಕು. ಇಡೀ ವ್ಯವಸ್ಥೆಗೆ ಒಂದೇ ಸಲ ಬರೆಯಲು ಅನುಮತಿ ಇರುವುದು ಒತ್ತಡ, ತಾಪಮಾನ ಎರಡೂ ಎಲ್ಲೆಡೆ ಸಮ ಇದ್ದಾಗ ಮಾತ್ರ. ಬೇರೆ ಬೇರೆ ಬರೆದ ಸಮೀಕರಣಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಮಾಹಿತಿ ಜೋಡಣೆಯಿಂದ ಬರುತ್ತದೆ.

ಜೋಡಣೆ ಏನನ್ನು ದಾಟಲು ಬಿಡುತ್ತದೆ?

ಪೆನ್ನು ಹಿಡಿದ ಕೂಡಲೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಅನಿಲ ದಾಟುತ್ತದೆಯೇ? ಒತ್ತಡ ಸಮನಾಗುತ್ತದೆಯೇ? ಉಷ್ಣ ದಾಟುತ್ತದೆಯೇ?

ತೆರೆದ ಕೊಳವೆಯಾದರೆ ಅನಿಲ ದಾಟುತ್ತದೆ, ಒತ್ತಡ ಸಮನಾಗುತ್ತದೆ. ಒಟ್ಟು ಮೋಲ್ ಸಂಖ್ಯೆಯಷ್ಟೇ ಸ್ಥಿರ, ಪ್ರತಿ ಪಾತ್ರೆಯ ಪಾಲು ಬದಲಾಗುತ್ತದೆ. ನಡುವೆ ಜಾರುವ ಪಿಸ್ಟನ್ ಅಥವಾ ಪಾದರಸದ ಎಳೆ ಇದ್ದರೆ ಒತ್ತಡ ಸಮನಾಗುತ್ತದೆ, ಅನಿಲ ಮಾತ್ರ ದಾಟುವುದಿಲ್ಲ. ಪ್ರತಿ ಬದಿಯ ಮೋಲ್ ಸಂಖ್ಯೆ ಸ್ಥಿರವಾಗಿದ್ದು ಗಾತ್ರ ಬದಲಾಗುತ್ತದೆ. ಸ್ಪ್ರಿಂಗ್ ಇರುವ ಒಮ್ಮುಖ ಕವಾಟವಾದರೆ ಅನಿಲ ಒಂದೇ ದಿಕ್ಕಿಗೆ, ಅದೂ ನಿಗದಿತ ಒತ್ತಡದ ವ್ಯತ್ಯಾಸ ಮೀರಿದಾಗ ಮಾತ್ರ ಹರಿಯುತ್ತದೆ. ಉಷ್ಣದ ಪ್ರಶ್ನೆ ಬೇರೆಯದೇ. ಪಾತ್ರೆಗಳು ನೀರಿನ ತೊಟ್ಟಿಯಲ್ಲಿ ಮುಳುಗಿದ್ದರೆ ತಾಪಮಾನವನ್ನು ತೊಟ್ಟಿ ನಿರ್ಧರಿಸುತ್ತದೆ. ಉಷ್ಣನಿರೋಧಕ ಹೊದಿಕೆ ಇದ್ದರೆ ಶಕ್ತಿಯ ಲೆಕ್ಕದಿಂದಲೇ ತಾಪಮಾನ ಕಂಡುಹಿಡಿಯಬೇಕು.

ಅಂಕಿ ಹಾಕುವ ಮುನ್ನ

ತಾಪಮಾನ ಕೆಲ್ವಿನ್‌ನಲ್ಲೇ ಇರಬೇಕು. 27 ಡಿಗ್ರಿ ಸೆಲ್ಸಿಯಸ್ ಎಂದರೆ 300 ಕೆಲ್ವಿನ್. ಲೆಕ್ಕವನ್ನು ಲೀಟರ್, ಬಾರ್‌ಗಳಲ್ಲಿ ಮಾಡುವುದಾದರೆ ಅನಿಲ ಸ್ಥಿರಾಂಕ ಆರ್‌ಗೆ 0.08314 ಹಾಕಿ, ಘನ ಮೀಟರ್, ಪ್ಯಾಸ್ಕಲ್‌ಗಳಲ್ಲಾದರೆ 8.314. ಎರಡನ್ನೂ ಬೆರೆಸಿದರೆ ಉತ್ತರ ನೂರು ಪಟ್ಟು, ಸಾವಿರ ಪಟ್ಟು ಎತ್ತಲೋ ಹೋಗುತ್ತದೆ. ಬಹಳಷ್ಟು ಲೆಕ್ಕಗಳಲ್ಲಿ ಆರ್ ಎರಡೂ ಬದಿಯಿಂದ ಹಾರಿಹೋಗುವುದರಿಂದ ಮೋಲ್ ಬದಲು ಪಿವಿ/ಟಿ ಎಂಬ ಮೊತ್ತವನ್ನೇ ಹಿಡಿದು ನಡೆದರೆ ಸಾಕು.

ಒತ್ತಡದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು. ಸಮೀಕರಣಕ್ಕೆ ಬೇಕಾದದ್ದು ನಿರಪೇಕ್ಷ ಒತ್ತಡ, ಅಂದರೆ ಗೇಜ್ ಓದಿಗೆ ವಾಯುಭಾರ ಕೂಡಿಸಿದ ಮೊತ್ತ. ಮಂಗಳೂರಿನಲ್ಲಿ ಅದು ಸುಮಾರು 1.01 ಬಾರ್, 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 0.91. 200 ಬಾರ್ ಸಿಲಿಂಡರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. 2 ಬಾರ್ ಗೇಜ್ ತೋರಿಸುವ ಪಾತ್ರೆಯನ್ನು 300ರಿಂದ 330 ಕೆಲ್ವಿನ್‌ಗೆ ಕಾಯಿಸಿದಾಗ ಮಾತ್ರ ಎದ್ದು ಕಾಣುತ್ತದೆ: ಗೇಜ್ ಓದಿಯನ್ನೇ 1.1ರಿಂದ ಗುಣಿಸಿದರೆ 2.20, ಬೆಂಗಳೂರಿನಲ್ಲಿ ಸರಿಯಾಗಿ ಲೆಕ್ಕ ಹಾಕಿದರೆ 2.91 × 1.1 − 0.91, ಅಂದರೆ 2.29.

ಕೊಳವೆಯ ಗಾತ್ರವನ್ನು ಬಿಡಬಹುದೇ ಎಂಬುದನ್ನೂ ಒಮ್ಮೆ ನೋಡಿ. ಒಳವ್ಯಾಸ 4 ಮಿ.ಮೀ., ಉದ್ದ 1 ಮೀಟರ್ ಇದ್ದರೆ ಒಳಗೆ 12.6 ಮಿ.ಲೀ. ಜಾಗವಿದೆ. 2 ಲೀಟರಿನ ಪಾತ್ರೆಯ ಪಕ್ಕದಲ್ಲಿ ಇದು ಶೇಕಡಾ 0.6, ಬಿಡಬಹುದು. 100 ಮಿ.ಲೀ. ಬಲ್ಬಿನ ಪಕ್ಕದಲ್ಲಿ ಶೇಕಡಾ 12ಕ್ಕೂ ಹೆಚ್ಚು. ಅಲ್ಲಿ ಕೊಳವೆಯೇ ಮೂರನೆಯ ಪಾತ್ರೆ, ಅದಕ್ಕೂ ಒಂದು ಸಮೀಕರಣ ಬೇಕು.

ಸರಳ ಸಂದರ್ಭ: ತಾಪಮಾನ ಒಂದೇ

ಪಾತ್ರೆ ಅ: 2 ಲೀಟರ್, 3 ಬಾರ್. ಪಾತ್ರೆ ಬ: 3 ಲೀಟರ್, 1 ಬಾರ್. ಎರಡೂ 300 ಕೆಲ್ವಿನ್. ಕವಾಟ ತೆರೆದು, ತಾಪಮಾನ ಮತ್ತೆ 300ಕ್ಕೆ ಬರುವವರೆಗೆ ಕಾಯುತ್ತೇವೆ.

ತೆರೆಯುವ ಮುನ್ನ ಪಿವಿ ಮೊತ್ತ 6 + 3 = 9 ಲೀಟರ್-ಬಾರ್. ತೆರೆದ ಮೇಲೆ ಅಷ್ಟೇ ಅನಿಲ 5 ಲೀಟರಿನಲ್ಲಿ ಹರಡಿದೆ. ಒತ್ತಡ 9/5 = 1.8 ಬಾರ್. ಎಷ್ಟು ಅನಿಲ ಹರಿಯಿತು ಎಂದು ಕೇಳಿದರೆ ಆಗ ಆರ್ ಬೇಕು. 0.08314 × 300 = 24.94. ಪಾತ್ರೆ ಅ-ಯಲ್ಲಿ ಮೊದಲಿದ್ದದ್ದು 6/24.94 = 0.2406 ಮೋಲ್, ಕೊನೆಗೆ ಉಳಿದದ್ದು 3.6/24.94 = 0.1443. ಹರಿದದ್ದು 0.0962 ಮೋಲ್.

ಒತ್ತಡಗಳ ಸರಾಸರಿ ತೆಗೆದು 2 ಬಾರ್ ಎಂದು ಬರೆಯುವುದು ಇಲ್ಲಿಯ ಸಾಮಾನ್ಯ ತಪ್ಪು. ಗಾತ್ರಗಳು ಸಮ ಇದ್ದರೆ ಮಾತ್ರ ಆ ಸರಾಸರಿ ನಿಲ್ಲುತ್ತದೆ.

ಒತ್ತಡ ಒಂದೇ, ತಾಪಮಾನ ಎರಡು

ಇಡೀ ವಿಷಯದ ತಿರುಳು ಇಲ್ಲಿದೆ, ನಿಧಾನವಾಗಿ ನೋಡೋಣ. ಸಮ ಗಾತ್ರದ ಎರಡು ಬಲ್ಬು, ನಡುವೆ ಸಣ್ಣ ಕೊಳವೆ. ಎರಡರಲ್ಲೂ 1 ಬಾರ್, 300 ಕೆಲ್ವಿನ್. ಒಂದನ್ನು 400 ಕೆಲ್ವಿನ್‌ಗೆ ಕಾಯಿಸಿ, ಇನ್ನೊಂದನ್ನು 300ರಲ್ಲೇ ಹಿಡಿದಿಡುತ್ತೇವೆ. ಹೊಸ ಒತ್ತಡ ಎಷ್ಟು?

ಮೊದಲ ಹಂತದಲ್ಲಿ ಎರಡು ಸ್ಥಿತಿಗಳ ಚಿತ್ರ ಬಿಡಿಸಿ: ಕಾಯಿಸುವ ಮುನ್ನ, ಕಾಯಿಸಿದ ಮೇಲೆ. ಪ್ರತಿ ಬಲ್ಬಿನ ಪಕ್ಕ ಅದರ ಪಿ, ವಿ, ಟಿ ಬರೆಯಿರಿ. ಗೊತ್ತಿಲ್ಲದ್ದಕ್ಕೆ ಅಕ್ಷರ ಇಡಿ. ಕೊಳವೆ ತೆರೆದಿರುವುದರಿಂದ ಕೊನೆಯ ಸ್ಥಿತಿಯಲ್ಲಿ ಎರಡು ಬಲ್ಬಿಗೂ ಒಂದೇ ಪಿ. ಆಮೇಲೆ ಪಿವಿ/ಟಿ ಮೊತ್ತಗಳನ್ನು ಸಮೀಕರಿಸಿ. ಗಾತ್ರಗಳು ಸಮವಾದ್ದರಿಂದ ವಿ ಹಾರಿಹೋಗುತ್ತದೆ:

1/300 + 1/300 = ಪಿ/300 + ಪಿ/400

ಎಡಬದಿ 8/1200, ಬಲಬದಿ ಪಿ × 7/1200. ಪಿ = 8/7 = 1.143 ಬಾರ್. ಬಿಸಿ ಬಲ್ಬಿನಲ್ಲಿ ಒಟ್ಟು ಅನಿಲದ 3/7, ತಣ್ಣನೆಯದರಲ್ಲಿ 4/7. ತಂಪಾದ ಕಡೆ ಹೆಚ್ಚು ಅನಿಲ ಸೇರಿಕೊಂಡಿದೆ, ಅದು ಹಾಗೆಯೇ ಇರಬೇಕು.

ಬಹುಮಂದಿ 300 ಮತ್ತು 400ರ ಸರಾಸರಿ 350 ಎಂದು ಹಿಡಿದು 350/300 = 1.167 ಬಾರ್ ಎಂದು ಬರೆಯುತ್ತಾರೆ. ಇದು ಏಕೆ ತಪ್ಪು ಎಂಬುದು ಕೊಳವೆಯ ಜಾಗದಲ್ಲಿ ಘರ್ಷಣೆಯಿಲ್ಲದ ಪಿಸ್ಟನ್ ಇಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. ಪಿಸ್ಟನ್ ಇದ್ದಾಗ ಅನಿಲ ದಾಟುವುದಿಲ್ಲ. ಎರಡೂ ಬದಿಯಲ್ಲಿ ಸಮ ಮೋಲ್ ಹಾಗೇ ಉಳಿಯುತ್ತದೆ, ಬಿಸಿ ಬದಿ ಉಬ್ಬಿ ತಣ್ಣನೆಯ ಬದಿಯನ್ನು ಒತ್ತುತ್ತದೆ. ಗಾತ್ರಗಳು 4:3 ಅನುಪಾತಕ್ಕೆ ಬರುತ್ತವೆ. ಎರಡು ಸಮೀಕರಣ ಕೂಡಿಸಿದರೆ ಪಿ × ಒಟ್ಟು ಗಾತ್ರ = ಎನ್ × ಆರ್ × (300 + 400). ಇದರಿಂದ ಬರುವ ಉತ್ತರ 700/600 = 1.167 ಬಾರ್. ಅಂದರೆ 350ರ ಸರಾಸರಿ ಪಿಸ್ಟನ್ನಿಗೆ ಸರಿಯಾದ ಉತ್ತರ, ತೆರೆದ ಕೊಳವೆಗೆ ತಪ್ಪು ಉತ್ತರ. ಕೊಳವೆ ಇದ್ದಾಗ ಬಿಸಿ ಕಡೆಯ ಅನಿಲ ತಣ್ಣನೆಯ ಕಡೆಗೆ ಓಡಿಬಿಡುವುದರಿಂದ ಒತ್ತಡ ಅಷ್ಟು ಏರುವುದಿಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ಬೇಕಾದದ್ದು ಹರಾತ್ಮಕ ಸರಾಸರಿ (ವಿಲೋಮಗಳ ಸರಾಸರಿಯ ವಿಲೋಮ), 342.9 ಕೆಲ್ವಿನ್. ಒಂದೇ ಚಿತ್ರ, ಒಂದೇ ತಾಪಮಾನಗಳು; ಜೋಡಣೆ ಬದಲಾದ್ದಕ್ಕೆ ಉತ್ತರ ಬದಲಾಯಿತು.

ಗಾತ್ರ ಬೇರೆ ಬೇರೆ ಇದ್ದರೂ ದಾರಿ ಅದೇ. 4 ಲೀಟರಿನ ಪಾತ್ರೆಯಲ್ಲಿ 2 ಬಾರ್, 300 ಕೆಲ್ವಿನ್ ಅನಿಲವಿದೆ. ಅದನ್ನು 450 ಕೆಲ್ವಿನ್‌ನಲ್ಲಿ ಹಿಡಿದಿಟ್ಟ 6 ಲೀಟರಿನ ನಿರ್ವಾತ ಪಾತ್ರೆಗೆ ಜೋಡಿಸಿದರೆ 8/300 = ಪಿ × (4/300 + 6/450). ಪಿ ಸರಿಯಾಗಿ 1 ಬಾರ್. ದೊಡ್ಡ ಪಾತ್ರೆ ಬಿಸಿಯಾಗಿದ್ದರಿಂದ ಅನಿಲ ಅರ್ಧರ್ಧ ಹಂಚಿಕೆಯಾಗಿದೆ.

ಉತ್ತರ ಬಂದ ಮೇಲೆ ಒಂದು ಪರೀಕ್ಷೆ ಮಾಡಿ: ಎರಡೂ ತಾಪಮಾನವನ್ನು ಸಮ ಎಂದು ಹಾಕಿದರೆ ನಿಮ್ಮ ಸಮೀಕರಣ ಹಿಂದಿನ ಸರಳ ಸಂದರ್ಭಕ್ಕೆ ಇಳಿಯಬೇಕು. ಇಳಿಯದಿದ್ದರೆ ಎಲ್ಲೋ ಒಂದು ಟಿ ತಪ್ಪು ಜಾಗದಲ್ಲಿ ಕುಳಿತಿದೆ.

ಉಷ್ಣನಿರೋಧಕ ಪಾತ್ರೆಗಳು

ತೊಟ್ಟಿ ಇಲ್ಲ, ಹೊರಗಿನಿಂದ ಉಷ್ಣ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಪಾತ್ರೆಯ ಗೋಡೆ ಕದಲುವುದಿಲ್ಲವಾದ್ದರಿಂದ ಹೊರಗಿನ ಕೆಲಸವೂ ಸೊನ್ನೆ. ಒಟ್ಟು ಆಂತರಿಕ ಶಕ್ತಿ ಸ್ಥಿರ. ಈಗ ಎರಡು ಖಾತೆ ಸರಿದೂಗಬೇಕು: ಮೋಲ್ ಒಂದು, ಶಕ್ತಿ ಇನ್ನೊಂದು.

ಎರಡರಲ್ಲೂ ಒಂದೇ ಜಾತಿಯ ಅನಿಲವಿದ್ದರೆ ಶಕ್ತಿ ಪಿವಿಗೆ ಅನುಪಾತದಲ್ಲಿರುತ್ತದೆ, ಹಾಗಾಗಿ ಪಿವಿ ಮೊತ್ತವೇ ಸ್ಥಿರ. ಪಾತ್ರೆ ಅ: 2 ಲೀಟರ್, 3 ಬಾರ್, 300 ಕೆಲ್ವಿನ್. ಪಾತ್ರೆ ಬ: 3 ಲೀಟರ್, 2 ಬಾರ್, 400 ಕೆಲ್ವಿನ್. ಕೊನೆಯ ಒತ್ತಡ (6 + 6)/5 = 2.4 ಬಾರ್. ಪಿವಿ/ಟಿ ಮೊತ್ತ 0.020 + 0.015 = 0.035. ಪೂರ್ತಿ ಬೆರೆತ ಮೇಲಿನ ತಾಪಮಾನ 12/0.035 = 342.9 ಕೆಲ್ವಿನ್.

ಅ-ಯಲ್ಲಿ ಹೀಲಿಯಂ, ಬ-ಯಲ್ಲಿ ನೈಟ್ರೋಜನ್ ಇದ್ದರೆ ಈ ಅಡ್ಡದಾರಿ ನಡೆಯದು. ಹೀಲಿಯಂ ಏಕಪರಮಾಣು ಅನಿಲ, ಸ್ಥಿರ ಗಾತ್ರದಲ್ಲಿ ಅದರ ಮೋಲಾರ್ ಉಷ್ಣ ಸಾಮರ್ಥ್ಯ 1.5 ಆರ್, ನೈಟ್ರೋಜನ್‌ನದು 2.5 ಆರ್. ಪ್ರತಿ ಪದವನ್ನೂ ಅದರ ಅಂಕಿಯಿಂದ ಗುಣಿಸಬೇಕು. ಮೇಲೆ 1.5 × 6 + 2.5 × 6 = 24, ಕೆಳಗೆ 1.5 × 0.020 + 2.5 × 0.015 = 0.0675. ತಾಪಮಾನ 355.6 ಕೆಲ್ವಿನ್, ಒತ್ತಡ 0.035 × 355.6/5 = 2.49 ಬಾರ್. ನೈಟ್ರೋಜನ್ ಬಿಸಿಯಾಗಿತ್ತು, ಅದರ ಶಕ್ತಿಯ ದಾಸ್ತಾನೂ ದೊಡ್ಡದಿತ್ತು. ಉತ್ತರ 400ರ ಕಡೆ ವಾಲಿದ್ದು ಅದಕ್ಕೇ.

‘ಪೂರ್ತಿ ಬೆರೆತ ಮೇಲೆ’ ಎಂಬ ಷರತ್ತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಮ ಗಾತ್ರದ ಎರಡು ನಿರೋಧಕ ಪಾತ್ರೆ, ಒಂದರಲ್ಲಿ 300 ಕೆಲ್ವಿನ್ ಗಾಳಿ, ಇನ್ನೊಂದು ಖಾಲಿ. ಕವಾಟ ತೆರೆದು ಒತ್ತಡ ಸಮನಾದ ಕ್ಷಣದಲ್ಲಿ, ಉಷ್ಣ ಹಂಚಿಕೆಯಾಗುವ ಮುನ್ನ, ತಾಪಮಾನ ಎಷ್ಟಿರುತ್ತದೆ? ಒತ್ತಡ ಅರ್ಧವಾಗಿರುತ್ತದೆ. ಮೊದಲ ಪಾತ್ರೆಯಲ್ಲಿ ಉಳಿದ ಗಾಳಿ ತನ್ನ ಮುಂದಿನ ಗಾಳಿಯನ್ನು ತಳ್ಳುತ್ತ ಉಷ್ಣಬಂಧಿತವಾಗಿ, ಅಂದರೆ ಉಷ್ಣ ಪಡೆಯದೆ, ಕೊಡದೆ, ಹಿಗ್ಗಿದೆ. ಗಾಳಿಗೆ ಗಾಮಾ (ಸ್ಥಿರ ಒತ್ತಡದ ಮತ್ತು ಸ್ಥಿರ ಗಾತ್ರದ ಉಷ್ಣ ಸಾಮರ್ಥ್ಯಗಳ ಅನುಪಾತ) 1.4; ಇಂಥ ಹಿಗ್ಗುವಿಕೆಯಲ್ಲಿ ತಾಪಮಾನದ ಅನುಪಾತ ಎಂದರೆ ಒತ್ತಡದ ಅನುಪಾತದ ಘಾತ (ಗಾಮಾ − 1)/ಗಾಮಾ, ಇಲ್ಲಿ 0.286. 0.5ರ ಘಾತ 0.286 ಎಂದರೆ 0.820. ಹಾಗಾಗಿ ಅದು 246 ಕೆಲ್ವಿನ್‌ಗೆ ಇಳಿದಿರುತ್ತದೆ, ಸೊನ್ನೆಗಿಂತ 27 ಡಿಗ್ರಿ ಕೆಳಗೆ. ಅಲ್ಲಿ ಉಳಿದಿರುವುದು ಒಟ್ಟು ಗಾಳಿಯ 0.61 ಪಾಲು. ಇನ್ನೊಂದು ಪಾತ್ರೆಯಲ್ಲಿ 0.39 ಪಾಲು ಅಷ್ಟೇ ಒತ್ತಡ ಕೊಡುತ್ತಿರುವುದರಿಂದ ಅದರ ತಾಪಮಾನ 384 ಕೆಲ್ವಿನ್. ಎರಡೂ ಬೆರೆತ ಮೇಲೆ ಮತ್ತೆ 300.

ಇದು ಕಾಗದದ ಮೇಲಿನ ಕಲ್ಪನೆಯಲ್ಲ. 1845ರಲ್ಲಿ ಜೇಮ್ಸ್ ಪ್ರೆಸ್ಕಾಟ್ ಜೂಲ್ ಎರಡು ತಾಮ್ರದ ಪಾತ್ರೆಗಳಲ್ಲಿ ಒಂದಕ್ಕೆ ಸುಮಾರು 22 ವಾಯುಭಾರದ ಗಾಳಿ ತುಂಬಿ, ಇನ್ನೊಂದನ್ನು ಖಾಲಿ ಮಾಡಿ, ಎರಡನ್ನೂ ಒಂದೇ ನೀರಿನ ತೊಟ್ಟಿಯಲ್ಲಿಟ್ಟು ಕವಾಟ ತೆರೆದ. ನೀರಿನ ತಾಪಮಾನದಲ್ಲಿ ಅಳೆಯುವಷ್ಟು ಬದಲಾವಣೆ ಕಾಣಲಿಲ್ಲ. ಪಾತ್ರೆಗಳಿಗೆ ಬೇರೆ ಬೇರೆ ತೊಟ್ಟಿ ಕೊಟ್ಟಾಗ ತುಂಬಿದ್ದ ಪಾತ್ರೆಯ ನೀರು ತಣ್ಣಗಾಯಿತು, ಖಾಲಿಯಿದ್ದ ಪಾತ್ರೆಯ ನೀರು ಹೆಚ್ಚುಕಡಿಮೆ ಅಷ್ಟೇ ಬಿಸಿಯಾಯಿತು. ಪರೀಕ್ಷೆಯಲ್ಲಿ ‘ಅಂತಿಮ ತಾಪಮಾನ’ ಎಂದು ಕೇಳಿದಾಗ ಯಾವ ಕ್ಷಣದ ತಾಪಮಾನ ಎಂಬುದನ್ನು ಪ್ರಶ್ನೆಯ ಮಾತುಗಳಲ್ಲಿ ಹುಡುಕಿ ಹಿಡಿಯಬೇಕು.

ಒಮ್ಮುಖ ಕವಾಟ ಇದ್ದಾಗ

ಕವಾಟ ತೆರೆಯುತ್ತದೆಯೇ ಇಲ್ಲವೇ ಎಂಬುದನ್ನು ಮೊದಲು ಪರೀಕ್ಷಿಸಿ, ಆಮೇಲೆ ಲೆಕ್ಕ. ಪಾತ್ರೆ ಅ 2 ಲೀಟರ್, ಬ 4 ಲೀಟರ್. ಎರಡರಲ್ಲೂ 1 ಬಾರ್, 300 ಕೆಲ್ವಿನ್. ಅ-ಯ ಒತ್ತಡ ಬ-ಗಿಂತ 1 ಬಾರ್ ಹೆಚ್ಚಾದಾಗ ಮಾತ್ರ ಕವಾಟ ಬ-ಯ ಕಡೆಗೆ ತೆರೆಯುತ್ತದೆ. ಅ-ಯನ್ನು 750 ಕೆಲ್ವಿನ್‌ಗೆ ಕಾಯಿಸುತ್ತೇವೆ, ಬ 300ರಲ್ಲೇ ಇರುತ್ತದೆ.

ಕವಾಟ ಮುಚ್ಚಿಯೇ ಇದ್ದಿದ್ದರೆ ಅ-ಯ ಒತ್ತಡ 2.5 ಬಾರ್ ಆಗುತ್ತಿತ್ತು. ವ್ಯತ್ಯಾಸ 1.5, ಅಂದರೆ ಕವಾಟ ತೆರೆದೇ ತೆರೆಯುತ್ತದೆ. ಹರಿವು ನಿಲ್ಲುವಾಗ ಒತ್ತಡಗಳು ಸಮವಾಗಿರುವುದಿಲ್ಲ, 1 ಬಾರ್ ಅಂತರದಲ್ಲಿರುತ್ತವೆ. ಬ-ಯ ಒತ್ತಡವನ್ನು ಪಿ ಎನ್ನೋಣ:

6/300 = (ಪಿ + 1) × 2/750 + ಪಿ × 4/300

ಪಿ = 1.083 ಬಾರ್, ಅ-ಯಲ್ಲಿ 2.083 ಬಾರ್.

ಅ-ಯನ್ನು ಮತ್ತೆ 300ಕ್ಕೆ ತಣಿಸಿದರೆ? ಹೋದ ಅನಿಲ ಹಿಂದಕ್ಕೆ ಬರಲಾರದು. ಅ-ಯಲ್ಲಿ 2.083 × 300/750 = 0.833 ಬಾರ್, ಬ-ಯಲ್ಲಿ 1.083 ಹಾಗೇ. ತಾಳೆ ನೋಡಿ: 0.833 × 2 + 1.083 × 4 = 6. ಇಂಥ ತಾಳೆ ಅರ್ಧ ನಿಮಿಷದ ಕೆಲಸ, ಬಿಡಬಾರದು.

ಮತ್ತೆ ಮತ್ತೆ ಜೋಡಿಸಿ ಬಿಡಿಸುವುದು

ಕೈಪಂಪಿನಿಂದ ಪಾತ್ರೆಯ ಗಾಳಿ ತೆಗೆಯುವುದೂ ಜೋಡಿಸಿದ ಪಾತ್ರೆಗಳ ಲೆಕ್ಕವೇ. 10 ಲೀಟರಿನ ಪಾತ್ರೆಗೆ 0.5 ಲೀಟರಿನ ಪಂಪು. ಪ್ರತಿ ಎಳೆತದಲ್ಲಿ ಗಾಳಿ 10.5 ಲೀಟರಿಗೆ ಹರಡಿ, 0.5 ಲೀಟರಿನಷ್ಟು ಹೊರಗೆ ಹೋಗುತ್ತದೆ. ಒತ್ತಡ ಪ್ರತಿ ಸಲ 10/10.5 ಪಟ್ಟಾಗುತ್ತದೆ. ಅರ್ಧಕ್ಕಿಳಿಸಲು 15 ಎಳೆತ ಬೇಕು, ಹತ್ತನೇ ಒಂದಕ್ಕಿಳಿಸಲು 48. ತುಂಬುವಾಗ ಹಾಗಲ್ಲ: ಪ್ರತಿ ಒತ್ತಿಗೆ ಹೊರಗಿನ 0.5 ಲೀಟರ್ ಗಾಳಿ ಒಳಗೆ ಸೇರುತ್ತದೆ, 20 ಒತ್ತಿಗೆ ಒಂದು ವಾಯುಭಾರ ಏರುತ್ತದೆ, ಮುಂದಿನ 20ಕ್ಕೆ ಇನ್ನೊಂದು. ತೆಗೆಯುವುದು ಗುಣೋತ್ತರ ಶ್ರೇಣಿ, ತುಂಬುವುದು ಸಮಾಂತರ ಶ್ರೇಣಿ. ಎರಡೂ ಲೆಕ್ಕ ತಾಪಮಾನ ಬದಲಾಗದಂತೆ ನಿಧಾನವಾಗಿ ಪಂಪು ಮಾಡಿದಾಗಿನವು. ಪಂಪಿನ ತುದಿಯಲ್ಲಿ ಉಳಿದುಬಿಡುವ ಜಾಗವನ್ನು ಸೊನ್ನೆ ಎಂದು ಹಿಡಿದಿದೆ.

ಸಿಲಿಂಡರಿನಿಂದ ಸಿಲಿಂಡರಿಗೆ ತುಂಬುವಾಗ ಕ್ರಮವೇ ಎಲ್ಲ. ನೇತ್ರಾಣಿ ದ್ವೀಪದ ಬಳಿ ಸಮುದ್ರದಲ್ಲಿ ಮುಳುಗುವವರ ಬೆನ್ನಿಗಿರುವಂಥ ಗಾಳಿ ಸಿಲಿಂಡರನ್ನೇ ತೆಗೆದುಕೊಳ್ಳಿ: ಗಾತ್ರ 12 ಲೀಟರ್, ಉಳಿದ ಒತ್ತಡ 20 ಬಾರ್. ತುಂಬಲು 50 ಲೀಟರಿನ ಮೂರು ಸಿಲಿಂಡರ್ ಇವೆ, ಒತ್ತಡ 100, 150, 200 ಬಾರ್. ಕಡಿಮೆಯದರಿಂದ ಶುರು ಮಾಡಿದರೆ ಮೊದಲ ಜೋಡಣೆಯಲ್ಲಿ (5000 + 240)/62 = 84.5 ಬಾರ್, ಎರಡನೆಯದರಲ್ಲಿ 137.3, ಮೂರನೆಯದರಲ್ಲಿ 187.9. ನೇರವಾಗಿ 200 ಬಾರ್ ಸಿಲಿಂಡರಿಗೆ ಜೋಡಿಸಿದರೆ 165.2 ಬಾರ್‌ಗೆ ನಿಲ್ಲುತ್ತದೆ. ಆಮೇಲೆ ಉಳಿದೆರಡರಿಂದ ಏನೂ ಬಾರದು, ಜೋಡಿಸಿದರೆ ಗಾಳಿ ಹಿಂದಕ್ಕೇ ಹರಿಯುತ್ತದೆ. ಹೆಚ್ಚು ಒತ್ತಡದ ಸಿಲಿಂಡರನ್ನು ಕೊನೆಗೆ ಇಟ್ಟುಕೊಳ್ಳಬೇಕು ಎನ್ನುವುದಕ್ಕೆ ಕಾರಣ ಇದು.

ತುಂಬುವಾಗ ಸಿಲಿಂಡರ್ ಬಿಸಿಯೇರುತ್ತದೆ. ಒಳಗಿನ ಗಾಳಿ 330 ಕೆಲ್ವಿನ್ ಇದ್ದಾಗ ಗೇಜ್ 200 ತೋರಿಸಿದರೆ, 300ಕ್ಕೆ ತಣಿದ ಮೇಲೆ ಸುಮಾರು 182 ಮಾತ್ರ. ನಿಧಾನವಾಗಿ ತುಂಬಿದಷ್ಟೂ ಈ ನಷ್ಟ ಕಡಿಮೆ. ಇಲ್ಲಿನ ಅಂಕಿಗಳು ಲೆಕ್ಕ ಕಲಿಯಲು. ಅಧಿಕ ಒತ್ತಡದ ಸಿಲಿಂಡರ್ ತುಂಬುವ ಕೆಲಸಕ್ಕೆ ಪರವಾನಗಿ, ಪರೀಕ್ಷಿಸಿದ ಸಿಲಿಂಡರ್, ತರಬೇತಿ ಮೂರೂ ಬೇಕು. ಆಮ್ಲಜನಕವಾದರೆ ಕವಾಟದಲ್ಲಿ ಒಂದಿಷ್ಟು ಎಣ್ಣೆ, ಗ್ರೀಸ್ ಇದ್ದರೂ ಸಾಕು: ಕವಾಟ ರಪ್ಪನೆ ತೆರೆದಾಗ ಅನಿಲ ಒತ್ತಿಕೊಂಡು ಹುಟ್ಟುವ ಬಿಸಿಗೇ ಅದು ಹೊತ್ತಿಕೊಳ್ಳುತ್ತದೆ.

ಉತ್ತರ ಗೊತ್ತಿದ್ದು ಗಾತ್ರ ಹುಡುಕುವುದು: ರಾಗಿಯ ನಡುವಿನ ಗಾಳಿ

ಇಲ್ಲಿಯವರೆಗೆ ಗಾತ್ರ ಕೊಟ್ಟು ಒತ್ತಡ ಹುಡುಕಿದೆವು. ತಿರುಗಿಸಿದರೆ ಒಂದು ಅಳತೆಯ ಉಪಕರಣವೇ ಸಿಗುತ್ತದೆ. 1 ಲೀಟರಿನ ಡಬ್ಬಿ ತುಂಬ ರಾಗಿ ಸುರಿದರೆ ಅದರಲ್ಲಿ ಕಾಳೆಷ್ಟು, ಕಾಳಿನ ನಡುವಿನ ಗಾಳಿಯೆಷ್ಟು? ಕಣಜದಲ್ಲಿ ಗಾಳಿಯಾಡಿಸುವ, ಒಣಗಿಸುವ ಲೆಕ್ಕಕ್ಕೆ ಈ ಅಂಕಿ ಬೇಕೇ ಬೇಕು. ನೀರು ಸುರಿದು ಅಳೆದರೆ ಕಾಳು ನೀರು ಹೀರುತ್ತದೆ. ಅನಿಲದಿಂದ ಅಳೆಯುವುದು ಶುದ್ಧ ವಿಧಾನ.

ರಾಗಿ ತುಂಬಿದ 1 ಲೀಟರಿನ ಗಟ್ಟಿ ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿ; ಮುಚ್ಚುವಾಗ ಒಳಗೆ ಹೊರಗಿನದೇ ಒತ್ತಡವಿರಲಿ. ಪಕ್ಕದಲ್ಲಿ 0.50 ಲೀಟರಿನ ಇನ್ನೊಂದು ಗಟ್ಟಿ ಪಾತ್ರೆ, ಅದಕ್ಕೊಂದು ಗೇಜ್. ನಡುವಿನ ಕವಾಟ ಮುಚ್ಚಿ, ಈ ಪಾತ್ರೆಗೆ ಒಣ ಗಾಳಿಯನ್ನು 2.00 ಬಾರ್ ಗೇಜ್ ಬರುವವರೆಗೆ ತುಂಬಿ. ಪಾತ್ರೆ ಕೋಣೆಯ ತಾಪಮಾನಕ್ಕೆ ಮರಳಿ ಗೇಜ್ ಮುಳ್ಳು ನಿಲ್ಲುವವರೆಗೆ ಕಾಯಿರಿ. ಇಳಿದಿದ್ದರೆ ಇಳಿದ ಅಂಕಿಯನ್ನೇ ಬರೆದುಕೊಳ್ಳಿ. ಈಗ ಕವಾಟ ತೆರೆದು, ಮತ್ತೆ ಮುಳ್ಳು ನಿಲ್ಲುವವರೆಗೆ ಕಾದು ಓದಿ. ಗೇಜ್ 1.11 ತೋರಿಸಿತು ಎಂದಿಟ್ಟುಕೊಳ್ಳಿ.

0.50 × 2.00 = 1.11 × (0.50 + ಖಾಲಿ ಜಾಗ). ಖಾಲಿ ಜಾಗ 0.40 ಲೀಟರ್, ಕಾಳಿನ ನಿಜ ಗಾತ್ರ 0.60 ಲೀಟರ್.

ಗೇಜ್ ಒತ್ತಡ ಹಾಕಬಾರದು ಎಂದು ಮೇಲೆ ಹೇಳಿ ಇಲ್ಲಿ ಹಾಕಿದ್ದೇಕೆ? ಡಬ್ಬಿಯೊಳಗೆ ಮೊದಲೇ ಹೊರಗಿನ ಒತ್ತಡದ ಗಾಳಿ ಇತ್ತು, ತಾಪಮಾನವೂ ಬದಲಾಗಲಿಲ್ಲ. ನಿರಪೇಕ್ಷ ಒತ್ತಡದಲ್ಲಿ ಪೂರ್ತಿ ಬರೆದು ನೋಡಿ, ವಾಯುಭಾರದ ಪದಗಳು ಎರಡೂ ಬದಿಯಲ್ಲಿ ಸಮವಾಗಿ ಬಂದು ಹಾರಿಹೋಗುತ್ತವೆ. ಡಬ್ಬಿಯನ್ನು ನಿರ್ವಾತ ಮಾಡಿದ್ದರೆ ಅಥವಾ ಒಂದು ಪಾತ್ರೆ ಬಿಸಿಯಿದ್ದರೆ ಹಾರುತ್ತಿರಲಿಲ್ಲ.

ಗೇಜ್ 0.01 ಬಾರ್ ಹೆಚ್ಚು ಓದಿ 1.12 ತೋರಿಸಿದರೆ ಕಾಳಿನ ಗಾತ್ರ 8 ಮಿ.ಲೀ. ಹೆಚ್ಚು ಬರುತ್ತದೆ. ಹಾಗಾಗಿ ಈ ಪ್ರಯೋಗದ ಬೆಲೆ ಇರುವುದು ಗೇಜಿನಲ್ಲಿ. ಮುಳ್ಳು ನಿಲ್ಲದೆ ಒಂದೇ ಸಮನೆ ಇಳಿಯುತ್ತಿದ್ದರೆ ಸೋರಿಕೆಯಿದೆ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ತೆರೆದ ಕೂಡಲೇ ಓದಿದರೆ ಮೇಲೆ ಜೂಲ್ ಪ್ರಯೋಗದಲ್ಲಿ ಕಂಡ ಬಿಸಿ-ತಣ್ಣನೆಯ ಆಟ ಅಳತೆಯನ್ನು ಕೆಡಿಸುತ್ತದೆ. ಪ್ರಯೋಗಾಲಯದ ಉಪಕರಣಗಳಲ್ಲಿ ಗಾಳಿಯ ಬದಲು ಹೀಲಿಯಂ ಬಳಸುವುದುಂಟು; ಅದರ ಪರಮಾಣು ಚಿಕ್ಕದಾದ್ದರಿಂದ ಅತಿ ಸೂಕ್ಷ್ಮ ರಂಧ್ರಕ್ಕೂ ನುಗ್ಗುತ್ತದೆ.

ಸಮೀಕರಣ ಕೈಕೊಡುವ ಜಾಗಗಳು

ಕೋಣೆಯ ತಾಪಮಾನದಲ್ಲಿ ಗಾಳಿ 100 ಬಾರ್‌ವರೆಗೂ ಆದರ್ಶ ಅನಿಲದ ಹತ್ತಿರವೇ ನಡೆಯುತ್ತದೆ. 200 ಬಾರ್‌ನಲ್ಲಿ ವ್ಯತ್ಯಾಸ ಶೇಕಡಾ 3ರ ಆಸುಪಾಸು, 300ರಲ್ಲಿ ಶೇಕಡಾ 10 ಮುಟ್ಟುತ್ತದೆ. ಅಲ್ಲಿ ಪಿವಿ = ಎನ್‌ಆರ್‌ಟಿ ಹೇಳುವುದಕ್ಕಿಂತ ಕಡಿಮೆ ಗಾಳಿ ಸಿಲಿಂಡರಿನಲ್ಲಿರುತ್ತದೆ.

ಅತಿ ಕಡಿಮೆ ಒತ್ತಡದಲ್ಲಿ ಇನ್ನೊಂದು ತೊಡಕು. 1 ಪ್ಯಾಸ್ಕಲ್ ಒತ್ತಡದಲ್ಲಿ ಗಾಳಿಯ ಅಣು ಇನ್ನೊಂದಕ್ಕೆ ಡಿಕ್ಕಿಯಾಗದೆ ಸರಾಸರಿ 7 ಮಿ.ಮೀ. ಸಾಗುತ್ತದೆ. ಕೊಳವೆಯ ವ್ಯಾಸ ಅದಕ್ಕಿಂತ ತೀರ ಚಿಕ್ಕದಿದ್ದರೆ, ತಾಪಮಾನ ಬೇರೆಯಿರುವ ಪಾತ್ರೆಗಳಲ್ಲಿ ಒತ್ತಡ ಸಮನಾಗುವುದೇ ಇಲ್ಲ. ಒತ್ತಡಗಳ ಅನುಪಾತ ತಾಪಮಾನಗಳ ವರ್ಗಮೂಲದ ಅನುಪಾತಕ್ಕೆ ನಿಲ್ಲುತ್ತದೆ. ನಿರ್ವಾತ ಉಪಕರಣಗಳಲ್ಲಿ ಕೆಲಸ ಮಾಡುವವರು ಇದನ್ನು ಮರೆಯುವಂತಿಲ್ಲ.

ಪಾತ್ರೆಯಲ್ಲಿ ನೀರಿನ ಹನಿಯಿದ್ದರೆ ಅದರ ಆವಿಯ ಒತ್ತಡವನ್ನು ಮೊದಲು ಕಳೆಯಬೇಕು, 27 ಡಿಗ್ರಿಯಲ್ಲಿ ಅದು ಸುಮಾರು 0.036 ಬಾರ್. ಕಳೆದು ಉಳಿದ ಒಣ ಅನಿಲಕ್ಕಷ್ಟೇ ಪಿವಿ/ಟಿ ಲೆಕ್ಕ ಹಚ್ಚಿ, ಕೊನೆಯಲ್ಲಿ ಆವಿಯ ಒತ್ತಡ ಕೂಡಿಸಿ. ತಾಪಮಾನ ಎರಡಿದ್ದರೆ ನೀರು ನಿಧಾನವಾಗಿ ತಣ್ಣನೆಯ ಪಾತ್ರೆಗೆ ಹೋಗಿ ಸೇರುತ್ತದೆ, ಆವಿಯ ಒತ್ತಡವನ್ನು ನಿರ್ಧರಿಸುವುದೂ ಆ ಪಾತ್ರೆಯೇ.

ಅಡುಗೆ ಅನಿಲದ ಸಿಲಿಂಡರಿಗಂತೂ ಈ ಲೇಖನದ ಯಾವ ಲೆಕ್ಕವನ್ನೂ ಹಚ್ಚಬೇಡಿ. 14.2 ಕಿಲೋ ಎಲ್‌ಪಿಜಿಯ ಬಹುಪಾಲು ಒಳಗೆ ದ್ರವರೂಪದಲ್ಲಿದೆ. ದ್ರವ ಇರುವವರೆಗೂ ಒಳಗಿನ ಒತ್ತಡ ಮುಖ್ಯವಾಗಿ ತಾಪಮಾನವನ್ನು ಅವಲಂಬಿಸುತ್ತದೆ, ಎಷ್ಟು ಉಳಿದಿದೆ ಎಂಬುದನ್ನಲ್ಲ. ಹೋಟೆಲಿನಲ್ಲಿ ತುಂಬಿದ ಸಿಲಿಂಡರನ್ನೂ ಮುಕ್ಕಾಲು ಮುಗಿದದ್ದನ್ನೂ ಒಂದೇ ಕೊಳವೆಗೆ ಜೋಡಿಸಿದಾಗ ಅವು ಅರ್ಧರ್ಧ ಹಂಚಿಕೊಳ್ಳುವುದಿಲ್ಲ. ತಾಪಮಾನ ಸಮವಿದ್ದರೆ ಎರಡರ ಒತ್ತಡವೂ ಹೆಚ್ಚುಕಡಿಮೆ ಒಂದೇ, ಹರಿವೇ ಇಲ್ಲ. ಒಂದು ಬಿಸಿಲಿನಲ್ಲಿದ್ದು ಇನ್ನೊಂದು ನೆರಳಿನಲ್ಲಿದ್ದರೆ, ನಡುವೆ ಒಮ್ಮುಖ ಕವಾಟ ಇಲ್ಲದಿದ್ದರೆ, ಬಿಸಿಲಿನಲ್ಲಿರುವುದು ಆವಿಯಾಗಿ ನೆರಳಿನ ಸಿಲಿಂಡರಿನಲ್ಲಿ ದ್ರವವಾಗಿ ತುಂಬಿಕೊಳ್ಳುತ್ತ ಹೋಗುತ್ತದೆ. ಮಿತಿಮೀರಿ ತುಂಬಿದ ಸಿಲಿಂಡರಿನಲ್ಲಿ ದ್ರವ ಹಿಗ್ಗಲು ಜಾಗವಿರುವುದಿಲ್ಲ. ಹಲವು ಸಿಲಿಂಡರುಗಳ ಜೋಡಣೆಯಲ್ಲಿ ಪ್ರತಿಯೊಂದಕ್ಕೂ ಅದರದೇ ಒಮ್ಮುಖ ಕವಾಟ ಇಡುವುದು ಈ ಕಾರಣಕ್ಕೆ.